ಮೇಲ್ಮನೆ ಬಾಕ್ಸಿಂಗು, ಕೆಳಮನೆ ನಿದ್ದೆ

ಡಾಕ್ಟರು ಯಾರಿಗೇ ಸಲಹೆ ಕೊಡಲಿ, ಅದನ್ನು ಅನುಭವಿಸುವವಳು ಮಾತ್ರ ನಾನೇ. ಇದೇನು ಹೊಸದಲ್ಲ. ದಟ್ಟಗಳ್ಳಿಯಲ್ಲಿ ನನ್ನದೊಂದು ಹಾಲಿನ ಬೂತು. ಬೆಳಕು ಹರಿಯುವ ಮೊದಲೇ ಕ್ರೇಟು ಇಳಿಸಬೇಕು. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ ಮಲಗಿದರೇ ನನಗೆ ನಿದ್ದೆ. ಮೇಲಿನ ಮನೆಯಲ್ಲಿ ರಿಟೈರಾದ ಹೆಡ್‌ಮಿಸ್ಟ್ರೆಸ್ ಒಬ್ಬರಿದ್ದಾರೆ.

ಧಡ್ ಧಡ್

ಒಂದು ಮಧ್ಯಾಹ್ನ ಸೂರು ಅದುರತೊಡಗಿತು. ರೇಗಿಕೊಂಡು ಮೇಲೆ ಹೋದೆ. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ರಿಮೋಟಿನಂಥದ್ದು ಹಿಡಿದು, ಕುಣಿದು ಕುಣಿದು ಗಾಳಿಗೆ ಗುದ್ದುತ್ತಿದ್ದರು. ಅವರು ಗುದ್ದಿದ ಹಾಗೆಲ್ಲ ಟಿವಿಯೊಳಗಿನ ಪೈಲ್ವಾನನೂ ಗುದ್ದುತ್ತಿದ್ದ.

"ವಿಡಿಯೋ ಗೇಮ್ ಕಣಮ್ಮ, ಮಗಳು ತಂದ್ಕೊಟ್ಳು. ಮೈ ದಣಿದ್ರೆ ರಾತ್ರಿ ನಿದ್ದೆ ಬರುತ್ತೆ ಅಂದ್ರು ಡಾಕ್ಟ್ರು. ನಿಜ, ತಲೆ ಇಟ್ರೆ ಸಾಕು, ಬೆಳಗಾಗ್ಬುಟ್ಟಿರುತ್ತೆ!"

"ಕೆಳಗೊಂದು ಮನೆ ಇದೆ ಅಂತ ಡಾಕ್ಟ್ರಿಗೆ ಹೇಳಿದ್ರಾ ಮೇಡಂ?"

ಪರಿಹಾರ

ಸಂಜೆ ಆಡಿ ಎಂದೆ. ಸಂಜೆ ಸೀರಿಯಲ್ ಇದೆಯಂತೆ. ಆದರೂ ಅವರು ಕೆಟ್ಟವರಲ್ಲ. ಮರುದಿನ ತಾವಾಗಿಯೇ ಬಂದರು.

"ಸದ್ದಾಗ್ದೆ ಇರ್ಲಿ ಅಂತ ಹಾಸಿಗೆ ಹಾಸ್ಕೊಂಡು ಆಡ್ತಿದ್ದೀನಿ. ಒಂದು ಸಾಲ್ತಿಲ್ಲ. ನಿನ್ ಹಾಸಿಗೆ ಕೊಡ್ತೀಯಾ? ಹೇಗೂ ನಿಂಗೆ ಮಧ್ಯಾಹ್ನ ನಿದ್ದೆ ಬರಲ್ವಲ್ಲ."

ಆಯುಧಪೂಜೆ

ದಸರಾ ಬಂತು. ಮೇಡಂ ಗೇಮಿನ ಪೆಟ್ಟಿಗೆಗೂ ರಿಮೋಟುಗಳಿಗೂ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಪೂಜೆಗಿಟ್ಟರು. ಪೂಜೆಗಿಟ್ಟಿದ್ದನ್ನು ಕದಲಿಸುವ ತನಕ ಬಳಸುವಂತಿಲ್ಲವಲ್ಲ! ನನ್ನ ತಲೆ ಓಡಿತು.

"ಹೊಸ ಆಯುಧ ಮೇಡಂ. ಮೊದಲ್ನೇ ವರ್ಷ ಹುಣ್ಣಿಮೆವರೆಗೂ ಕದಲಿಸ್ಬಾರ್ದು ಅಂತ ನಮ್ಮಜ್ಜಿ ಹೇಳ್ತಿದ್ರು."

ಅಜ್ಜಿಯ ಕಾಲದಲ್ಲಿ ಟಿವಿಯೇ ಇರಲಿಲ್ಲ. ಮೇಡಂ ಪಾಪ, ನಂಬಿದರು.

ವಿಜಯದಶಮಿಯ ಮಾರನೇ ದಿನ ಮಧ್ಯಾಹ್ನ ಮೇಲೆ ಸದ್ದಿಲ್ಲ. ಸ್ವರ್ಗ ಸಿಕ್ಕಂತಾಗಿ ದಿಂಬಿಗೆ ತಲೆಯಿಟ್ಟೆ. ಕಾಲಿಂಗ್ ಬೆಲ್ ಬಡಿದುಕೊಂಡಿತು. ಬಾಗಿಲಲ್ಲಿ ಮೇಡಂ, ಕೈಯಲ್ಲಿ ಕಾಫಿ ಫ್ಲಾಸ್ಕು.

"ಆಟ ಇಲ್ದೆ ರಾತ್ರಿಯೆಲ್ಲ ಕಣ್ಣೇ ಮುಚ್ಚಿಲ್ಲ ಕಣಮ್ಮ. ಮಧ್ಯಾಹ್ನ ಹೊತ್ತೇ ಹೋಗಲ್ಲ. ನೀನಾದ್ರೂ ಎದ್ದಿರ್ತೀಯಲ್ಲ ಅಂತ ಬಂದೆ."

ಕೂತವರೇ ತಮ್ಮ ಸರ್ವಿಸಿನ ಕಥೆ ಶುರು ಮಾಡಿದರು. ಅವತ್ತು ಮೊದಲ ಪೋಸ್ಟಿಂಗು. ಮರುದಿನ ಫ್ಲಾಸ್ಕಿನೊಂದಿಗೆ ಮೊದಲ ಟ್ರಾನ್ಸ್‌ಫರು. ಅದರ ಮರುದಿನ ಎರಡನೆಯದು, ಅಲ್ಲಿನ ಸ್ಟಾಫ್‌ರೂಮಿನ ಜಗಳ ಸಮೇತ. ನಾನು ತೂಕಡಿಸಿದರೆ ಕ್ಲಾಸಿನಲ್ಲಿ ಮಾಡುವಂತೆ ಟೇಬಲ್ ಕುಟ್ಟುತ್ತಿದ್ದರು.

"ಒಟ್ಟು ಎಷ್ಟು ಟ್ರಾನ್ಸ್‌ಫರ್ ಮೇಡಂ?" ಎಂದೆ, ಧೈರ್ಯ ಮಾಡಿ.

"ಹದಿನಾಲ್ಕು!"

ಹುಣ್ಣಿಮೆಗೆ ಇನ್ನೂ ಎರಡು ದಿನವಿತ್ತು. ನಾನೇ ದಡದಡನೆ ಮೇಲೆ ಹತ್ತಿ, ಹೂವು ತೆಗೆದು, ಕುಂಕುಮ ಒರೆಸಿ, ಹಿಂದೆಯೇ ಓಡಿಬಂದ ಮೇಡಂ ಕೈಗೆ ರಿಮೋಟುಗಳನ್ನು ಕೊಟ್ಟೆ.

"ಹುಣ್ಣಿಮೆ?" ಎಂದರು ಗಾಬರಿಯಾಗಿ.

"ಅಜ್ಜಿ ಮಾತು ಮೀರಿದ ಪಾಪ ನಾನು ಕಟ್ಕೋತೀನಿ. ಗುದ್ದಿ ಮೇಡಂ, ಜೋರಾಗಿ ಗುದ್ದಿ!"