ಕಾಫಿ ಬೀಜ ಕಚ್ಚುವವರ ಬಾಯಲ್ಲಿ ಬಿಳಿ ಫಿಲ್ಲಿಂಗ್

ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿ ಮನೆಗೆ ಕಳಿಸಿದರೆ ಡಾಕ್ಟರ ಕೆಲಸ ಮುಗಿಯಿತು ಅನ್ನುವವರು ಆಲೂರಿನಲ್ಲಿ ಒಂದು ತಿಂಗಳು ಕ್ಲಿನಿಕ್ ಇಟ್ಟು ನೋಡಬೇಕು. ಇಲ್ಲಿ ತಮಾಷೆ ಶುರುವಾಗುವುದೇ ಆಮೇಲೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡು ಹಾಕಿದಾಗ ಹಾಸನದಲ್ಲಿದ್ದ ನನ್ನ ಸೀನಿಯರ್ ಡಾಕ್ಟರು ನಕ್ಕುಬಿಟ್ಟರು. "ಆ ಜನಕ್ಕೆ ಬೆಳ್ಳಿ ತುಂಬು, ಇಲ್ಲ ಹಲ್ಲು ಕಿತ್ತು ಕಳಿಸು. ನಿನ್ನ ಬಿಳಿ ಫಿಲ್ಲಿಂಗ್ ತೋಟದವರ ಬಾಯಲ್ಲಿ ಒಂದು ಕಾಫಿ ಕೊಯ್ಲು ದಾಟಲ್ಲ. ಸುಮ್ಮನೆ ಬಂದು ನನ್ನ ಹತ್ತಿರ ಅಸಿಸ್ಟೆಂಟ್ ಆಗು," ಅಂದರು. ನನಗೆ ಮೈ ಉರಿಯಿತು. "ತೋಟದವರ ಮುಂದಿನ ಹಲ್ಲಲ್ಲೇ ಒಂದು ಕೊಯ್ಲು ಪೂರ್ತಿ ಫಿಲ್ಲಿಂಗ್ ನಿಲ್ಲಿಸಿ ತೋರಿಸ್ತೀನಿ. ಆಗದಿದ್ರೆ ಬೋರ್ಡು ಕಿತ್ತುಕೊಂಡು ನಿಮ್ಮ ಬಾಗಿಲಿಗೆ ಬರ್ತೀನಿ," ಅಂದೆ. ಅಂದ ಮೇಲೆ ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಗೋಡೆಗೆ ನಾನೇ ಬರೆದು ಅಂಟಿಸಿದೆ: ಎರಡು ದಿನ ಕಾಫಿ, ಟೀ ಬೇಡ. ಎಲೆ ಅಡಿಕೆ ಬೇಡ. ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕಿ. ಗಟ್ಟಿ ಪದಾರ್ಥವನ್ನು ಮುಂದಿನ ಹಲ್ಲಲ್ಲಿ ಕಚ್ಚಬೇಡಿ. ಓದಿದವರೆಲ್ಲ ತಲೆಯಾಡಿಸಿದರು. ಈ ಕಡೆ ತಲೆಯಾಡಿಸುವುದು ಬರೀ ಮರ್ಯಾದೆಗೆ ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು.

೧. ಅಪ್ಪ ಕೊಟ್ಟ ಹಲ್ಲು

ಕೆ. ಹೊಸಕೋಟೆ ಕಡೆಯ ಅಜ್ಜನೊಬ್ಬರಿಗೆ ಮುಂದಿನ ಒಂದು ಹಲ್ಲಿಗೆ ಫಿಲ್ಲಿಂಗ್ ಹಾಕಿದ್ದೆ. ಇದ್ದಿಲ ಪುಡಿಯಲ್ಲಿ ಹಲ್ಲುಜ್ಜಿದರೆ ಅದು ಸವೆಯುತ್ತದೆ ಅಂತ ಮೂರು ಸಲ ಹೇಳಿ, ಕೈಗೊಂದು ಬ್ರಷ್ ಕೊಟ್ಟು ಕಳಿಸಿದ್ದೆ. ತಿಂಗಳು ಬಿಟ್ಟು ಬಂದರು. ಫಿಲ್ಲಿಂಗ್ ಹೊಸದರ ಹಾಗೇ ಇತ್ತು. ಉಳಿದ ಹಲ್ಲುಗಳ ಸಂದಿಯಲ್ಲೆಲ್ಲ ಕಪ್ಪು.

"ಅಜ್ಜ, ಇದ್ದಿಲು ಬಿಟ್ಟಿಲ್ವಾ?"

"ನೀನು ಹಾಕಿದ್ದಕ್ಕೆ ಬ್ರಷ್ಷೇ ಕಣವ್ವ. ಮಿಕ್ಕಿದವಕ್ಕೆ ಇದ್ದಿಲು."

"ಅದ್ಯಾಕೆ ಹಾಗೆ?"

"ಅದೊಂದು ನಿಂದು, ನೀನು ಹೇಳ್ದಂಗೆ ಕೇಳ್ತೀನಿ. ಮಿಕ್ಕಿದ್ದು ನಮ್ಮಪ್ಪ ಕೊಟ್ಟಿದ್ದು. ಅದ್ರ ತಂಟೆಗೆ ನೀನು ಬರಬ್ಯಾಡ!"

೨. ಸೀಟಿ

ಬಸ್ ಕಂಡಕ್ಟರೊಬ್ಬರ ಫಿಲ್ಲಿಂಗ್ ಪದೇ ಪದೇ ಹಾರುತ್ತಿತ್ತು. ಕಾರಣ ತಿಳಿಯದೆ ಒಂದು ದಿನ ನಾನೇ ಅವರ ಬಸ್ ಹತ್ತಿದೆ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಸೀಟಿ ಮಾತ್ರ ನನ್ನ ಫಿಲ್ಲಿಂಗಿನ ಕೆಳಗೆ, ಗಟ್ಟಿಯಾಗಿ ಕಚ್ಚಿಕೊಂಡಿದ್ದರು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ನಾನು ಅವರ ಹಲ್ಲನ್ನೇ ನೋಡುತ್ತಿದ್ದೆ. ಇಳಿಯುವಾಗ, "ಇವತ್ತಿಂದ ಸೀಟಿ ಕಚ್ಚಬಾರದು," ಅಂತ ಎಲ್ಲರ ಮುಂದೆಯೇ ಗದರಿದೆ.

ನಾಲ್ಕನೇ ದಿನ ಬಂದರು. ದನಿಯೇ ಇಲ್ಲ. ಸೀಟಿ ಬಿಟ್ಟು ದಿನವಿಡೀ "ರೈಟ್, ರೈಟ್" ಅಂತ ಕೂಗಿದ್ದರಂತೆ. ಕಷ್ಟಪಟ್ಟು ಗೊಗ್ಗರು ಗಂಟಲಲ್ಲಿ ಹೇಳಿದರು: "ಹಲ್ಲು ಉಳೀತು ಡಾಕ್ಟ್ರಮ್ಮ. ಗಂಟ್ಲು ಹೋಗ್ಬುಡ್ತು. ಅದಕ್ಕೂ ಒಂದು ಫಿಲ್ಲಿಂಗ್ ಹಾಕ್ಬುಡಿ."

೩. ಹೆಣ್ಣಿನ ಮನೆಯ ಕಾಫಿ

ಹಾನುಬಾಳಿನ ಜೀಪ್ ಡ್ರೈವರ್ ಹುಡುಗ ಹೆಣ್ಣು ನೋಡಲು ಹೋಗುವ ಹಿಂದಿನ ದಿನ ಬಂದು ಮುಂದಿನ ಹಲ್ಲು ಸರಿಮಾಡಿಸಿಕೊಂಡ. ಎರಡು ದಿನ ಕಾಫಿ ಬೇಡ ಅಂದೆ. ನಾಳೆಯ ವಿಷಯ ಅವನು ಬಾಯಿಬಿಡಲಿಲ್ಲ.

ಮಾರನೇ ದಿನ ಹುಡುಗಿ ತಟ್ಟೆಯಲ್ಲಿ ಕಾಫಿ ತಂದಳು. ಇವನು ಕೈಮುಗಿದು "ಬ್ಯಾಡ" ಅಂದ. ಕಾಫಿ ಬೆಳೆಯುವ ಮನೆಯಲ್ಲಿ, ಹುಡುಗಿ ಕೈಯಾರೆ ತಂದ ಕಾಫಿ ಬೇಡ ಅಂದರೆ ಹುಡುಗಿಯೇ ಬೇಡ ಅಂದಂತೆ. ಅವಳ ಚಿಕ್ಕಪ್ಪ ಎದ್ದು ನಿಂತರು. "ನಮ್ ಹುಡ್ಗಿಗೇನಾಗೈತೆ ಮಾರಾಯ?"

ಇವನು ಗಾಬರಿಯಿಂದ ತುಟಿ ಮೇಲೆತ್ತಿ ಹಲ್ಲು ತೋರಿಸಿದ. "ಹುಡ್ಗಿಗೇನಾಗಿಲ್ಲ ಕಣ್ರೀ. ಆಲೂರು ಡಾಕ್ಟ್ರಮ್ಮ ಎಲ್ಡು ದಿನ ಕುಡೀಬ್ಯಾಡ ಅಂದವ್ರೆ."

ಚಿಕ್ಕಪ್ಪ ನಂಬಲಿಲ್ಲ. ಆದರೆ ಹುಡುಗಿ ತಟ್ಟೆ ಕೆಳಗಿಟ್ಟು ಅಲ್ಲೇ ಹೇಳಿದಳಂತೆ: "ಚಿಕ್ಕಪ್ಪ, ನಂಗೆ ಒಪ್ಪಿಗೆ. ಹೆಂಗಸು ಹೇಳಿದ ಮಾತು ಕೇಳೋ ಗಂಡಸು ಈ ಕಡೆ ಇನ್ನೊಬ್ಬ ಸಿಗಲ್ಲ."

೪. ರೈಟರ ಚೀಟಿ

ನಗುವುದೇನೋ ಸರಿ, ನನ್ನ ಪಂಥ ಇನ್ನೂ ಹಾಗೇ ಉಳಿದಿತ್ತು. ತೋಟದವರ ಹಲ್ಲು ಅಂತ ನನಗೆ ಸಿಕ್ಕಿದ್ದು ಸಕಲೇಶಪುರದ ಕಡೆಯ ಎಸ್ಟೇಟಿನ ರೈಟರದು. ಆಳುಗಳ ಹಾಜರಿಯಿಂದ ಹಿಡಿದು ಕಣದಲ್ಲಿ ಕಾಫಿ ಒಣಗಿಸುವವರೆಗೆ ಎಲ್ಲ ಅವರದೇ ಉಸ್ತುವಾರಿ. ಆ ಕೊಯ್ಲಿನಲ್ಲಿ ಎರಡು ಸಲ ಫಿಲ್ಲಿಂಗ್ ಹಾಕಿದೆ, ಎರಡು ಸಲವೂ ಚೂರು ಹಾರಿತು.

"ಏನು ಕಚ್ಚಿದ್ರಿ? ನಿಜ ಹೇಳಿ."

"ಕಾಫಿ ಬೀಜ."

ಹರವಿದ ಕಾಫಿ ಒಣಗಿದೆಯೇ ಅಂತ ಅವರು ನೋಡುತ್ತಿದ್ದದ್ದು ಹಾಗೆ. ಹಲ್ಲು ಒಳಗಿಳಿದರೆ ಇನ್ನೂ ಹಸಿ. ಟಕ್ಕೆಂದರೆ ಸ್ಟೋರಿಗೆ ಸಾಗಿಸಬಹುದು.

"ದವಡೆ ಹಲ್ಲಲ್ಲಿ ಕಚ್ಚಿ."

"ಮುಂದ್ಲ ಹಲ್ಲಿಗಿರೋ ಬುದ್ಧಿ ದವಡೆಗೆಲ್ಲೈತೆ ಡಾಕ್ಟ್ರಮ್ಮ?"

"ಬೇರೆ ಯಾರಾದ್ರೂ ಕಚ್ಚಲಿ."

"ತೋಟದ ಸಾವ್ಕಾರ್ರು ಬ್ಯಾರೆಯವರ ಹಲ್ಲು ನಂಬಲ್ಲ."

ಸೀನಿಯರು ಫೋನ್ ಮಾಡಿ, "ಬೋರ್ಡು ಯಾವಾಗ ಬರುತ್ತೆ?" ಅಂತ ಕೇಳಿದರು. ಅವತ್ತು ಅಳು ಬಂತು. ಆದರೂ ಹಟ ಬಿಡಲಿಲ್ಲ. "ಇನ್ನೊಂದು ಕೊಯ್ಲು ನೋಡಿ ಸರ್," ಅಂದೆ. ಮರುವರ್ಷ ಕೊಯ್ಲಿಗೆ ಮುಂಚೆಯೇ ರೈಟರಿಗೆ ಫಿಲ್ಲಿಂಗ್ ಹಾಕಿ, ಒಂದು ಚೀಟಿಯನ್ನೂ ಬರೆದೆ: "ಇವರು ಕಾಫಿ ಬೀಜ ಕಚ್ಚತಕ್ಕದ್ದಲ್ಲ." ಸಹಿ, ಸೀಲು. "ಸಾವ್ಕಾರ್ರಿಗೆ ಕೊಡಿ. ಜಗಳಕ್ಕೆ ಬಂದ್ರೆ ನನ್ನ ಹತ್ರ ಕಳಿಸಿ, ನಾನು ನೋಡ್ಕೋತೀನಿ."

ಕೊಯ್ಲು ಮುಗಿದು, ಕಣ ಖಾಲಿಯಾದ ಮೇಲೆ ರೈಟರು, ಸಾಹುಕಾರರು ಇಬ್ಬರೂ ಒಟ್ಟಿಗೆ ಬಂದರು. ಮೊದಲು ರೈಟರ ಬಾಯಿ ತೆರೆಸಿದೆ. ಫಿಲ್ಲಿಂಗ್ ಒಂದು ಚೂರೂ ಹೋಗಿಲ್ಲ! ಅವರನ್ನು ಬಾಯಿ ತೆರೆದಂತೆಯೇ ಕೂರಿಸಿ ಹಾಸನಕ್ಕೆ ಫೋನ್ ಮಾಡಿದೆ. "ಬೋರ್ಡು ಎಲ್ಲಿಗೂ ಬರಲ್ಲ ಸರ್."

ಆಮೇಲೆ ಸಾಹುಕಾರರ ಕಡೆ ತಿರುಗಿದೆ. ಅವರು ಬಾಯಿಗೆ ಟವಲ್ ಒತ್ತಿಕೊಂಡಿದ್ದರು. ತೆಗೆದರೆ, ಮುಂದಿನ ಹಲ್ಲು ಅರ್ಧ ಇಲ್ಲ.

"ನಿಮ್ಮ ಚೀಟಿ ಬಂತಲ್ಲ ಡಾಕ್ಟ್ರಮ್ಮ," ಅಂದರು. "ಬ್ಯಾರೆಯವರನ್ನ ನಂಬಕ್ಕಾಗಲ್ಲ, ನಾನೇ ಕಚ್ಚಿದೆ. ಇವನು ಪಕ್ಕದಲ್ಲಿ ನಿಂತ್ಕಂಡು, 'ಈ ಮೂಲೇದು ಕಚ್ಚಿ ಸಾವ್ಕಾರ್ರೆ, ಆ ಮೂಲೇದು ಕಚ್ಚಿ' ಅಂತ ಕೊಯ್ಲು ಪೂರ್ತಿ ಕಚ್ಚಿಸಿಬುಟ್ಟ."

"ಕಣ ದೊಡ್ದಲ್ವಾ ಸಾವ್ಕಾರ್ರೆ," ಅಂದರು ರೈಟರ್.

ಸಾಹುಕಾರರಿಗೂ ಬಿಳಿ ಫಿಲ್ಲಿಂಗ್ ಹಾಕಿದೆ. ರೈಟರ್ ಜೀಪ್ ತರಲು ಹೊರಗೆ ಹೋದದ್ದೇ ತಡ, ಸಾಹುಕಾರರು ದನಿ ತಗ್ಗಿಸಿದರು. "ನಂಗೂ ಅಂಥದ್ದೇ ಒಂದು ಚೀಟಿ ಬರ್ಕೊಡಿ. ಸೀಲ್ ಹಾಕಿ."

"ತೋಟ ನಿಮ್ಮದೇ. ನೀವು ಯಾರಿಗೆ ಚೀಟಿ ತೋರಿಸ್ಬೇಕು?"

ಅವರು ಒಮ್ಮೆ ಬಾಗಿಲ ಕಡೆ ನೋಡಿದರು.

"ರೈಟರ್‌ಗೆ."