ಸಿಟ್ಟಿಗೆ ಕಳಚಿದ ದವಡೆ

ಇನ್ನು ಮೇಲೆ ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದು ಆ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ. ಸಿಟ್ಟು ಬಂದರೆ ಹೊಟ್ಟೆ ಉರಿಯುತ್ತದೆ, ಕತ್ತು ಹಿಡಿಯುತ್ತದೆ, ತಲೆಯೊಳಗೆ ಸುತ್ತಿಗೆ ಬಡಿದಂತಾಗುತ್ತದೆ. ಈ ಮೂರೂ ನನ್ನಲ್ಲಿ ಸರದಿಯ ಮೇಲೆ ಬಂದುಹೋಗುತ್ತಿದ್ದವು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗುವವನು ನಾನು. ಬಾಯಿಯೇ ಬಂಡವಾಳ. ಅದನ್ನು ಮನೆಯಲ್ಲೇ ಖರ್ಚು ಮಾಡಿ ಕೂತರೆ ಹೇಗೆ?

"ಇವತ್ತಿಂದ ನಾನು ಶಾಂತಮೂರ್ತಿ" ಎಂದೆ ಹೆಂಡತಿಗೆ.

"ಮೊದಲು ಬಾಯಿ ತೊಳ್ಕೊಳ್ಳಿ, ನೊರೆ ನೆಲಕ್ಕೆ ಬೀಳ್ತಿದೆ" ಎಂದಳು.

ಶಾಂತಮೂರ್ತಿ ಸ್ನಾನ ಮುಗಿಸಿ, ಬಟ್ಟೆ ತೊಟ್ಟು, ಕಾಲುಚೀಲಕ್ಕೆ ಕೈ ಹಾಕಿದ. ಎಡಗಾಲಿಗೆ ಒಂದು ಹಾಕಿಕೊಂಡಾಗಿತ್ತು. ಇನ್ನೊಂದು ನಾಪತ್ತೆ.

"ಏನೇ, ಇನ್ನೊಂದು ಕಾಲುಚೀಲ ಎಲ್ಲಿ?"

"ಅಲ್ಲೇ ಇದೆ ನೋಡ್ರೀ" ಎಂದಿತು ಅಡುಗೆಮನೆ.

"ಅಲ್ಲೇ ಅಂದ್ರೆ ಎಲ್ಲಿ?"

"ಅಲ್ಲೇ, ಇರೋ ಕಡೆ."

ನಾನು ಒಂದೇ ಒಂದು ದಿನ ಮೈಕಿನಲ್ಲಿ 'ನಿಮ್ಮ ಬಸ್ಸು ಅಲ್ಲೇ ಇದೆ ನೋಡಿ' ಎಂದು ಕೂಗಿದರೆ ಜನ ನನ್ನನ್ನು ಸುಮ್ಮನೆ ಬಿಟ್ಟಾರೆಯೇ? ಆದರೂ ತಡೆದುಕೊಂಡೆ. ಮಂಚದ ಕೆಳಗೆ ನುಗ್ಗಿದೆ, ಏಳುವಾಗ ತಲೆ ಹೊಡೆಸಿಕೊಂಡೆ. ಬೀರುವಿನ ಡ್ರಾಯರ್ ಎಳೆದೆ, ಅದು ಪೂರ್ತಿ ಕಿತ್ತುಬಂದು ಹೆಬ್ಬೆರಳ ಮೇಲೆ ಬಿತ್ತು. ಕುಂಟುತ್ತಾ ಹಿಂದೆ ಸರಿದಾಗ ಕಿಟಕಿಯ ಬಳಿಯಿದ್ದ ಕಾಫಿ ಲೋಟ ಇಸ್ತ್ರಿ ಮಾಡಿಟ್ಟ ಬಟ್ಟೆಗಳ ಮೇಲೆ ಮಗುಚಿತು. ಶಾಂತಮೂರ್ತಿ ಅಲ್ಲಿಗೆ ತೀರಿಕೊಂಡ.

"ಈ ಮನೇಲಿ ಒಂದು ವಸ್ತುವಾದ್ರೂ..." ಎಂದು ಮನೆ ಹಾರಿಹೋಗುವಂತೆ ಗರ್ಜಿಸಿದೆ. 'ಕಟಕ್' ಎಂದು ಸದ್ದಾಯಿತು. ತೆರೆದ ಬಾಯಿ ತೆರೆದಂತೆಯೇ ನಿಂತಿತು!

ಹೆಂಡತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹೂಂ, ಆಮೇಲೆ?" ಎಂದಳು. ಸ್ವಲ್ಪ ಹೊತ್ತು ಕಾದಳು. ನನ್ನಿಂದ ಉತ್ತರ ಬರದಿದ್ದುದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು. ಹತ್ತಿರ ಬಂದು ಬಾಯೊಳಗೆ ಇಣುಕಿದಳು. "ಅಯ್ಯೋ, ದವಡೆ ಜಾರಿದೆ ಕಣ್ರೀ. ನಡೀರಿ" ಎಂದು ನಿಂತ ಕಾಲಲ್ಲೇ ಹೊರಡಿಸಿದಳು. ಬೂಟಿಗೆ ಕಾಲು ತುರುಕಿ ನಡೆದೆ. ಬೀದಿಯ ತುದಿಯ ಕ್ಲಿನಿಕ್ಕಿನವರೆಗೂ ನನ್ನ ಸಿಟ್ಟಿನ ಇತಿಹಾಸವನ್ನು ಆಕೆ ಸಾವಧಾನವಾಗಿ ಹೇಳುತ್ತಾ ಬಂದಳು. ಅಡ್ಡ ಬಾಯಿ ಹಾಕೋಣವೆಂದರೆ ಬಾಯಿ ನನ್ನ ಕೈಯಲ್ಲಿರಲಿಲ್ಲ. ಎದುರಾದ ಪಕ್ಕದ ಮನೆಯವರು, "ಏನ್ ಸಾರ್, ನಿದ್ದೆ ಸಾಲ್ಲಿಲ್ವಾ?" ಎಂದು ತಾವೂ ಆಕಳಿಸಿದರು.

ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಮಲಗಿಸಿ, ಎರಡು ಹೆಬ್ಬೆರಳು ಬಾಯೊಳಗೆ ಹಾಕಿ ಒತ್ತಿದರು. ದವಡೆ ಜಪ್ಪಯ್ಯ ಎನ್ನಲಿಲ್ಲ.

"ಸಿಟ್ಟಿಗೆ ಸ್ನಾಯು ಕಲ್ಲಾಗಿದೆ. ಇವರು ಸಡಿಲ ಬಿಡೋವರೆಗೆ ಕೂರಲ್ಲ. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಹೋಗಿ ಮತ್ತಿನ ಇಂಜೆಕ್ಷನ್ ಕೊಟ್ಟು ಕೂರಿಸ್ಬೇಕು."

ದೊಡ್ಡಾಸ್ಪತ್ರೆ ಎಂದೊಡನೆ ನನಗೆ ಕಂಡದ್ದು ನನ್ನ ಮೈಕು, ಅದರ ಮುಂದೆ ಬೇರೆ ಯಾವನೋ! ಭಯಕ್ಕೆ ಇನ್ನಷ್ಟು ಬಿಗಿದುಕೊಂಡೆ. ಅಷ್ಟರಲ್ಲಿ ಕುರ್ಚಿ ಕೊಳೆಯಾಗದಿರಲೆಂದು ನನ್ನ ಬೂಟು ಬಿಚ್ಚುತ್ತಿದ್ದ ನರ್ಸಮ್ಮ, "ಸಾರ್, ಎಡಗಾಲಿಗೆ ಎರಡು ಕಾಲುಚೀಲ ಹಾಕಿದ್ದೀರಲ್ಲ, ಬಲಗಾಲು ಬರಿದು" ಎಂದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎನ್ನುತ್ತಾರೆ. ನನ್ನದು ಅಷ್ಟು ಜನರ ಮುಂದೆ ಹೋಯಿತು. ನಾಚಿಕೆಯಾದಾಗ ನನಗೆ ಬರುವುದೂ ಸಿಟ್ಟೇ. ಡಾಕ್ಟರು ಕೈ ತೆಗೆದು, "ಅಮ್ಮಾ, ಇವರನ್ನ ಹೇಗಾದ್ರೂ ಸಮಾಧಾನ ಮಾಡಿ" ಎಂದರು.

ಹೆಂಡತಿ ಬಗ್ಗಿ ನನ್ನ ಕಿವಿಯ ಹತ್ತಿರ, "ತಪ್ಪು ನಂದೇ ರೀ. ನಾನೇ ಕೈಗೆ ತಂದುಕೊಡ್ಬೇಕಿತ್ತು" ಎಂದಳು.

ಆಹಾ! ಹೊಟ್ಟೆಯ ಉರಿ ಆರಿತು, ಕತ್ತು ಸಡಿಲಾಯಿತು, ಭುಜಗಳು ಇಳಿದವು. ಸತ್ಯಕ್ಕೆ ಕೊನೆಗೂ ಜಯ! ಡಾಕ್ಟರು ಅದೇ ಗಳಿಗೆಗೆ ಕಾದಿದ್ದವರಂತೆ ಒತ್ತಿದರು. ದವಡೆ ತನ್ನ ಜಾಗಕ್ಕೆ ಹೋಗಿ ಕೂತಿತು. ನರ್ಸಮ್ಮ ನೆತ್ತಿಗೂ ಗದ್ದಕ್ಕೂ ಸೇರಿಸಿ ಪಟ್ಟಿ ಬಿಗಿದಳು.

ಡಾಕ್ಟರಿಗೆ ಕುತೂಹಲ. "ಅಲ್ಲಮ್ಮಾ, ಇದರಲ್ಲಿ ನಿಮ್ಮ ತಪ್ಪೇನಿತ್ತು?"

"ನನ್ನ ತಪ್ಪೇನಿಲ್ಲ ಡಾಕ್ಟ್ರೇ" ಎಂದಳು ನನ್ನಾಕೆ, ನನ್ನ ಬೂಟು ಕೈಗೆತ್ತಿಕೊಳ್ಳುತ್ತಾ. "ಮದುವೆ ಆದಾಗಿಂದ ಇವರಿಗೆ ಇದೇ ಮದ್ದು. ಖಾಲಿ ಹೊಟ್ಟೇಲಿ ಕೊಟ್ರೂ ಕೆಲಸ ಮಾಡುತ್ತೆ."