ಒಂದು ಹಾಳೆಯ ದುಷ್ಟತನ

ಓದುಗರ ರಕ್ತ ಹೆಪ್ಪುಗಟ್ಟಿಸುವಂಥ ಖಳನಾಯಕನೊಬ್ಬನನ್ನು ಸೃಷ್ಟಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ಅರ್ಹತೆಗೇನೂ ಕೊರತೆಯಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೇನೆ. ಸಾವಿರಾರು ಕೊಲೆಗಳ ಕಾಗುಣಿತ ಸರಿಪಡಿಸಿದ ಕೈ ಇದು.

ಹದಿನೈದು ದಿನಗಳಲ್ಲಿ ಮೂರು ಅಧ್ಯಾಯ ಬರೆದು ಹೆಂಡತಿಯ ಮುಂದಿಟ್ಟೆ. ಅವಳು ಆಸ್ಪತ್ರೆಯಲ್ಲಿ ನರ್ಸ್; ಸುಲಭಕ್ಕೆ ಹೆದರುವವಳಲ್ಲ. ಹೆದರಲೂ ಇಲ್ಲ, ನಕ್ಕಳು.

"ರೀ, ಇವನು ಕತ್ತು ಹಿಸುಕೋಕೆ ಬಂದಿದಾನೋ, ಮೀಟರ್ ನೋಡೋಕೋ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರ್ತಾನಲ್ಲ."

"ಸಭ್ಯ ಕೊಲೆಗಾರ. ಅದೇ ಹೊಸತನ."

"ನೀವು ಜನ್ಮದಲ್ಲಿ ಒಂದಾದ್ರೂ ಕೆಟ್ಟ ಕೆಲಸ ಮಾಡಿದ್ರೆ ತಾನೇ ಕೆಟ್ಟವನ ಬಗ್ಗೆ ಬರೆಯೋಕೆ ಬರೋದು?"

ಮಾತು ನಾಟಿತು. ಕೆಡುಕು ಒಳಗಿನಿಂದ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಸರಿ, ಒಂದು ದುಷ್ಕೃತ್ಯ ಮಾಡಿಯೇ ಸಿದ್ಧ ಎಂದು ಟೊಂಕ ಕಟ್ಟಿದೆ. ಚಿಕ್ಕದಾದರೂ ಅಪ್ಪಟವಾಗಿರಬೇಕು, ಅಷ್ಟೆ.

ಸುಲಭಕ್ಕೆ ಸಿಕ್ಕವರು ನಮ್ಮ ಜೊತೆಯಲ್ಲೇ ಇರುವ ಅತ್ತೆ. ಅವರಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಪುಸ್ತಕ ಒದಗಿಸುವವರು ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು. ದಿನಾ ಸಂಜೆ ಅತ್ತೆಯ ಜೊತೆ ಚೆಸ್ ಆಡುವವರೂ ಅವರೇ. ಅಂದು ಮಧ್ಯಾಹ್ನ ಅತ್ತೆ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಮೇಷ್ಟ್ರ ಪುಸ್ತಕ ಮಡಿಲಲ್ಲಿತ್ತು, ಮುಗಿಯಲು ಹತ್ತೇ ಪುಟ ಬಾಕಿ. ನಾನು ತುದಿಗಾಲಲ್ಲಿ ಹೋಗಿ, ಪುಸ್ತಕವೆತ್ತಿ, ಕೊಲೆಗಾರ ಯಾರೆಂದು ಬಯಲಾಗುವ ಕೊನೆಯ ಹಾಳೆಯನ್ನು ಹರಿದುಕೊಂಡೆ.

ಒಂದು ಕ್ಷಣ ರೋಮಾಂಚನ. ಮರುಕ್ಷಣ ಬೆವರು. ಸಾಕ್ಷ್ಯ ಉಳಿಯಬಾರದೆಂದು ಹಾಳೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಹಿಸುಕಿ, ಬೀದಿ ಕೊನೆಯ ಕಸದ ತೊಟ್ಟಿಗೆ ಎಸೆದು ಬಂದೆ. ಗಾಬರಿಯಲ್ಲಿ ಅದರಲ್ಲೇನಿದೆಯೆಂದು ಓದಿರಲೂ ಇಲ್ಲ.

ಸಂಜೆ ಅತ್ತೆ ಪುಸ್ತಕ ಹಿಡಿದು ಮೇಲಿನ ಮನೆಗೆ ಹೋದರು. ನಾನು ಮೆಟ್ಟಿಲ ಕೆಳಗೆ ಕಿವಿಯಾದೆ.

"ಕೊನೆ ಹಾಳೆ ಇಲ್ಲದ ಪುಸ್ತಕ ಕೊಟ್ಟಿದೀರಲ್ಲ ಮೇಷ್ಟ್ರೇ, ಇದು ಮರ್ಯಾದೆನಾ?"

"ನಾನು ಕೊಟ್ಟಾಗ ಇತ್ತು. ಪುಸ್ತಕದ ಮೂಲೆ ಕೂಡ ಮಡಿಸೋನಲ್ಲ ನಾನು."

"ಹಾಗಾದ್ರೆ ನಾನು ಹರಿದೆ ಅಂತೀರಾ?"

ಬಾಗಿಲು ಧಡಾರನೆ ಮುಚ್ಚಿತು. ಮರುದಿನದಿಂದ ಮೇಷ್ಟ್ರು ಚೆಸ್ ಆಡಲು ಬರಲಿಲ್ಲ. ಅತ್ತೆ ಒಬ್ಬರೇ ಕಾಯಿ ಜೋಡಿಸುವುದು, ನಿಟ್ಟುಸಿರು ಬಿಡುವುದು, ತೆಗೆದಿಡುವುದು. ನನ್ನ ನೋಟ್‌ಬುಕ್ಕಿನಲ್ಲಿ 'ಖಳನ ಅಂತರಂಗ' ಎಂಬ ತಲೆಬರಹದ ಕೆಳಗೆ ಒಂದೇ ಸಾಲು ಸೇರಿತು: ಊಟ ಸೇರುತ್ತಿಲ್ಲ.

ಒಪ್ಪಿಕೊಂಡುಬಿಡೋಣವೆಂದು ಎರಡು ಸಲ ಹೋದೆ.

"ಅತ್ತೇ..."

"ಏನು?"

"ಫ್ಯಾನ್ ಜೋರು ಮಾಡ್ಲಾ?"

ಅಷ್ಟೇ ಆದದ್ದು. ಕೊನೆಗೆ ಪಟ್ಟು ಹಿಡಿದು ಕುಳಿತೆ. ಅತ್ತೆ ವಾಪಸ್ ತಂದು ಮೂಲೆಗೆ ಹಾಕಿದ್ದ ಆ ಕಾದಂಬರಿಯನ್ನು ಒಂದೇ ದಿನದಲ್ಲಿ ಓದಿ, ಕೊನೆಯ ಹಾಳೆಯನ್ನು ನಾನೇ ಬರೆದೆ. ಅದೇ ಅಳತೆಯ ಅಕ್ಷರ, ಅದೇ ಹಳದಿಗಟ್ಟಿದ ಕಾಗದ. ಮುದ್ರಣಾಲಯದಲ್ಲಿ ಎರಡೂ ಬದಿ ಅಚ್ಚು ಹಾಕಿಸಿ, ಅಂಚನ್ನು ಹದವಾಗಿ ಹರಿದೆ. ನಾಲ್ಕನೆಯ ದಿನ ಸಂಜೆ, "ಅತ್ತೇ, ಇಲ್ನೋಡಿ, ಕುರ್ಚಿ ಕೆಳಗೇ ಬಿದ್ದಿದೆ" ಎಂದು ಕೊಟ್ಟೆ.

ಅತ್ತೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "'ತಪ್ಪಾಯಿತು ಇನ್‌ಸ್ಪೆಕ್ಟರ್ ಸಾಹೇಬರೇ. ದಯವಿಟ್ಟು ಕುಳಿತುಕೊಳ್ಳಿ, ಎಲ್ಲವನ್ನೂ ಹೇಳುತ್ತೇನೆ' ಎಂದು ಕೊಲೆಗಾರನು ಕಣ್ಣೊರೆಸಿಕೊಂಡನು."

ಕನ್ನಡಕ ಕೆಳಗಿಳಿಯಿತು.

"ಅಳಿಯಂದಿರೇ, ಈ ಪುಸ್ತಕದಲ್ಲಿ ಪುಟಕ್ಕೆ ಐದು ತಪ್ಪಿವೆ. ಈ ಹಾಳೇಲಿ ಒಂದು ದೀರ್ಘ ಕೂಡ ತಪ್ಪಿಲ್ಲ. ಯಾರು ತಿದ್ದಿದ್ದು?"

ಎಲ್ಲವನ್ನೂ ಹೇಳಿಬಿಟ್ಟೆ. ಮೇಷ್ಟ್ರ ಕ್ಷಮೆ ಕೇಳುತ್ತೇನೆಂದು ಏಳುವಷ್ಟರಲ್ಲಿ ಮೇಷ್ಟ್ರೇ ನಮ್ಮ ಅಡುಗೆಮನೆಯಿಂದ ಟೀ ಲೋಟ ಹಿಡಿದು ಬಂದರು. ಹಿಂದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ನನ್ನ ಹೆಂಡತಿ.

"ಸಾಕಪ್ಪ, ನಾಲ್ಕು ದಿನದಿಂದ ಮುಖ ಗಂಟಿಕ್ಕಿ ದವಡೆ ನೋಯ್ತಿದೆ" ಎಂದರು ಮೇಷ್ಟ್ರು.

"ಅಂದ್ರೆ... ನಿಮಗೆಲ್ಲ ಗೊತ್ತಿತ್ತಾ?"

"ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿರ್ಲಿಲ್ಲ" ಎಂದರು ಅತ್ತೆ. "ಅಲ್ಲದೆ ಈ ಕಥೆ ನಾನು ಓದ್ತಿರೋದು ಮೂರನೇ ಸಲ. ಕೊಲೆ ಮಾಡಿದ್ದು ಡಾಕ್ಟರ್. ನೀವು ಏನೂ ಅರಿಯದ ತೋಟದ ಮಾಲಿಯನ್ನ ಹಿಡಿಸಿದೀರಿ."

ನಾನು ಅತ್ತೆಯ ಕೈಯಿಂದ ಹಾಳೆ ತೆಗೆದು ಜೇಬಿಗೆ ಸೇರಿಸಿದೆ. "ಇವತ್ತೂ ನಾನು ಒಪ್ಪಿಕೊಳ್ಳದೇ ಇದ್ದಿದ್ರೆ ಏನು ಮಾಡ್ತಿದ್ರಿ ಅತ್ತೇ?"

ಅತ್ತೆ ಚೆಸ್ ಹಲಗೆ ಬಿಡಿಸಿ ರಾಣಿಯನ್ನು ಅದರ ಮನೆಯಲ್ಲಿ ಮೆತ್ತಗೆ ನಿಲ್ಲಿಸಿದರು.

"ನಾಳೆ ಬೆಳಿಗ್ಗೆ ನಿಮ್ಮನ್ನ ಹಿಡ್ಕೊಂಡು ಹೋಗೋಕೆ ಮೇಷ್ಟ್ರ ತಮ್ಮ ಪೊಲೀಸ್ ವೇಷದಲ್ಲಿ ಬರೋನಿದ್ದ. ಈಗ ಬೇಡ ಅಂತ ಫೋನ್ ಮಾಡ್ಬೇಕು. ಪಾಪ, ಅದಕ್ಕೇ ಅಂತ ನಾಲ್ಕು ದಿನದಿಂದ ಮೀಸೆ ಬಿಡ್ತಿದ್ದ."